ನಡುರಾತ್ರಿ ಮನೆಯ ವೈರಿಂಗ್ ಕೈಕೊಟ್ಟಾಗ ಎಲೆಕ್ಟ್ರಿಷಿಯನ್ ಕರೆಸುವ ಬಗೆ

ನಾಲ್ಕು ವರ್ಷಗಳ ಹಿಂದೆ ಜುಲೈ ತಿಂಗಳ ಒಂದು ಮಳೆಯ ರಾತ್ರಿ ಮೈಸೂರಿನ ನಮ್ಮ ಮನೆಯಲ್ಲಿ ಎಲ್ಲರೂ ಊಟಕ್ಕೆ ಕುಳಿತಿದ್ದಾಗ ಇದ್ದಕ್ಕಿದ್ದಂತೆ ಕರೆಂಟ್ ಹೋಯಿತು. ಬೀದಿದೀಪ ಉರಿಯುತ್ತಿತ್ತು, ಎದುರುಮನೆಯ ಟಿ.ವಿ. ಸದ್ದು ಕೇಳುತ್ತಿತ್ತು, ನಮ್ಮ ಮನೆ ಮಾತ್ರ ಕತ್ತಲು. ಡಿಬಿಯಲ್ಲಿ, ಅಂದರೆ ಮನೆಯ ಸಾಲುಗಳಿಗೆಲ್ಲ ಕರೆಂಟ್ ಹಂಚುವ ಸ್ವಿಚ್ ಪೆಟ್ಟಿಗೆಯಲ್ಲಿ, ಕರೆಂಟ್ ಸೋರಿದರೆ ತಾನೇ ಕಡಿಯುವ ಇಎಲ್‌ಸಿಬಿ ಎಂಬ ಸ್ವಿಚ್ ಕೆಳಗೆ ಬಿದ್ದಿತ್ತು. ಎತ್ತಿದರೆ ಮತ್ತೆ ಬೀಳುತ್ತಿತ್ತು. ಪರಿಚಯದವರು ಕೊಟ್ಟ ನಂಬರಿಗೆ ಫೋನ್ ಮಾಡಿದೆವು. ಅರ್ಧ ಗಂಟೆಯಲ್ಲಿ ಒಬ್ಬರು ಬಂದರು, ಹತ್ತು ನಿಮಿಷದಲ್ಲಿ ಮನೆ ಬೆಳಗಿತು. ‘ಇಎಲ್‌ಸಿಬಿ ಹಾಳಾಗಿದೆ, ಸದ್ಯಕ್ಕೆ ಅದನ್ನು ಬಿಟ್ಟು ಡೈರೆಕ್ಟ್ ಕೊಟ್ಟಿದ್ದೀನಿ, ಪುರುಸೊತ್ತಾದಾಗ ಹೊಸದು ಹಾಕಿಸಿಕೊಳ್ಳಿ’ ಎಂದು ಹೇಳಿ ಹಣ ತೆಗೆದುಕೊಂಡು ಹೋದರು. ನಮಗೆ ಪುರುಸೊತ್ತು ಆಗುವ ಮೊದಲೇ, ಎರಡು ವಾರಗಳ ನಂತರ, ಬಚ್ಚಲಮನೆಯ ನಲ್ಲಿ ಮುಟ್ಟಿದ ಅಮ್ಮನಿಗೆ ಶಾಕ್ ಹೊಡೆಯಿತು. ಕಾಲಲ್ಲಿ ರಬ್ಬರ್ ಚಪ್ಪಲಿ ಇದ್ದುದರಿಂದ ಜೀವ ಉಳಿಯಿತು ಎಂದೇ ನಾನು ಇಂದಿಗೂ ನಂಬಿದ್ದೇನೆ.

ಎರಡನೆಯ ಬಾರಿ ಬೇರೆ ಎಲೆಕ್ಟ್ರಿಷಿಯನ್ ಬಂದು ಒಂದೂವರೆ ಗಂಟೆ ಹುಡುಕಿದರು. ಗೀಸರ್‌ನ ಕಾಯಿಲ್ ಒಳಗೆ ಬಿರುಕುಬಿಟ್ಟು ಕರೆಂಟ್ ನೀರಿಗೆ ಇಳಿಯುತ್ತಿತ್ತು. ಸೋರಿದ ಕರೆಂಟನ್ನು ನೆಲಕ್ಕಿಳಿಸುವ, ಮೊದಲೇ ತುಕ್ಕು ಹಿಡಿದಿದ್ದ ಅರ್ತಿಂಗ್ ವೈರ್ ಆ ಮಳೆಗಾಲದಲ್ಲಿ ಅರ್ತಿಂಗ್ ಗುಂಡಿಯ ಬಳಿ ಪೂರ್ತಿ ತುಂಡಾಗಿತ್ತು. ಅಂದರೆ ಇಎಲ್‌ಸಿಬಿ ಹಾಳಾಗಿರಲೇ ಇಲ್ಲ. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ನಾವೇ ಹಣ ಕೊಟ್ಟು ಅದರ ಬಾಯಿ ಮುಚ್ಚಿಸಿದ್ದೆವು. ಆ ರಾತ್ರಿ ಕರೆಂಟ್ ಹೋಗುವುದಕ್ಕೆ ಒಂದೆರಡು ನಿಮಿಷ ಮೊದಲಷ್ಟೇ ಗೀಸರ್ ಸ್ವಿಚ್ ಹಾಕಿದ್ದೆವು ಎಂಬ ಮಾತನ್ನು ಮೊದಲು ಬಂದವರಿಗೆ ನಮ್ಮಲ್ಲಿ ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಕರೆಂಟ್ ಬರಿಸುವುದು ಒಂದು ಕೆಲಸ, ಅದು ಏಕೆ ಹೋಯಿತು ಎಂದು ಹುಡುಕುವುದು ಇನ್ನೊಂದು ಕೆಲಸ. ತುರ್ತಿನಲ್ಲಿ ಕರೆಸಿದವರಿಂದ ಎರಡನೆಯ ಕೆಲಸವನ್ನು ಹೇಗೆ ಮಾಡಿಸಿಕೊಳ್ಳುವುದು, ಕನಿಷ್ಠ ಅದು ಇನ್ನೂ ಬಾಕಿಯಿದೆ ಎಂದು ತಿಳಿದುಕೊಳ್ಳುವುದು ಹೇಗೆ ಎಂಬುದನ್ನು ವಿವರಿಸುವುದಕ್ಕಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಯಾವುದು ತುರ್ತು, ಯಾವುದು ಬೆಳಗಿನವರೆಗೆ ಕಾಯಬಹುದು

ರಾತ್ರಿ ಹೊತ್ತು ಬರುವವರು ಹೆಚ್ಚು ಹಣ ಕೇಳುವುದು ಸಹಜ. ಬೇಕಾದ ಸಾಮಾನು ಕೊಳ್ಳಲು ಆ ವೇಳೆಗೆ ಅಂಗಡಿಗಳೂ ತೆರೆದಿರುವುದಿಲ್ಲ. ಆದ್ದರಿಂದ ಒಂದು ಪ್ಲಗ್ ಪಾಯಿಂಟ್ ಕೆಲಸ ಮಾಡುತ್ತಿಲ್ಲ, ಒಂದು ಕೋಣೆಯ ಫ್ಯಾನ್ ನಿಧಾನವಾಗಿ ತಿರುಗುತ್ತಿದೆ, ಟ್ಯೂಬ್‌ಲೈಟ್ ಮಿಣುಕುತ್ತಿದೆ ಎಂಬಂಥ ತೊಂದರೆಗಳಿಗೆ ಆ ಸ್ವಿಚ್ಚನ್ನು ಆರಿಸಿ ಬೆಳಗಿನವರೆಗೆ ಕಾಯುವುದು ಒಳ್ಳೆಯದು. ಸ್ವಿಚ್‌ಬೋರ್ಡಿನಿಂದ ರಬ್ಬರ್ ಸುಟ್ಟ ವಾಸನೆ ಅಥವಾ ಹಸಿಮೀನಿನಂಥ ವಾಸನೆ ಬರುತ್ತಿದ್ದರೆ, ಬೋರ್ಡ್ ಮುಟ್ಟಿದಾಗ ಬಿಸಿಯಾಗಿದ್ದರೆ, ಒಳಗಿನಿಂದ ಚಟಚಟ ಸದ್ದು ಕೇಳುತ್ತಿದ್ದರೆ, ನಲ್ಲಿ, ಫ್ರಿಜ್, ಮೋಟಾರ್ ಅಥವಾ ಗೋಡೆ ಮುಟ್ಟಿದಾಗ ಜುಮ್ಮೆಂದರೆ, ಡಿಬಿಯೊಳಗೆ ಮಳೆನೀರು ಇಳಿದಿದ್ದರೆ ಕಾಯುವಂತಿಲ್ಲ. ಬಿಸಿಯಾದ ಪ್ಲಾಸ್ಟಿಕ್‌ನಿಂದ ಬರುವ ಆ ಮೀನುವಾಸನೆಯನ್ನು ಅಡುಗೆಮನೆಯ ವಾಸನೆಯೆಂದು ತಿಳಿದು ಉಪೇಕ್ಷಿಸುವವರನ್ನು ಕಂಡಿದ್ದೇನೆ. ಮೀನು ತಾರದ ಮನೆಯಲ್ಲಿ ಆ ವಾಸನೆ ಬಂದರೆ ಮೊದಲು ಸ್ವಿಚ್‌ಬೋರ್ಡುಗಳ ಹತ್ತಿರ ಮೂಸಿ ನೋಡಬೇಕು.

ಇವೆಲ್ಲಕ್ಕಿಂತ ಅಪಾಯಕಾರಿಯಾದ, ಆದರೆ ಬಹಳ ಜನ ಗುರುತಿಸದ ತೊಂದರೆಯೆಂದರೆ ನ್ಯೂಟ್ರಲ್ ಕಡಿಯುವುದು. ಟ್ರಾನ್ಸ್‌ಫಾರ್ಮರ್‌ನಿಂದ, ಅಂದರೆ ನಮ್ಮ ಹಳ್ಳಿಗಳಲ್ಲಿ ‘ಟಿಸಿ’ ಎನ್ನುವ ಪೆಟ್ಟಿಗೆಯಿಂದ, ಕರೆಂಟ್ ತರುವ ಮೂರು ಫೇಸ್ ತಂತಿಗಳು ಮತ್ತು ಅದನ್ನು ಮರಳಿ ಒಯ್ಯುವ ಒಂದು ನ್ಯೂಟ್ರಲ್ ತಂತಿ ಹೊರಡುತ್ತವೆ. ಒಂದೊಂದು ಮನೆಗೆ ಒಂದು ಫೇಸ್ ಮತ್ತು ನ್ಯೂಟ್ರಲ್ ಸಿಗುತ್ತದೆ, ಅವೆರಡರ ನಡುವೆ ಸುಮಾರು 230 ವೋಲ್ಟ್ ಇರುತ್ತದೆ. ಎರಡು ಫೇಸ್‌ಗಳ ನಡುವೆ ಮಾತ್ರ 400 ವೋಲ್ಟ್‌ಗಳಷ್ಟಿರುತ್ತದೆ. ಗಾಳಿಮಳೆಗೆ ಅಥವಾ ಸಡಿಲವಾದ ಜಾಯಿಂಟ್‌ನಿಂದಾಗಿ ಹಲವು ಮನೆಗಳಿಗೆ ಸೇರಿದ ನ್ಯೂಟ್ರಲ್ ಕಡಿದುಹೋದರೆ, ಬೇರೆ ಬೇರೆ ಫೇಸ್‌ನ ಮನೆಗಳ ಉಪಕರಣಗಳು ಒಂದಕ್ಕೊಂದು ಸರಣಿಯಾಗಿ ಆ 400 ವೋಲ್ಟ್ ನಡುವೆ ಸಿಕ್ಕಿಬೀಳುತ್ತವೆ. ಆಗ ಒಂದು ಮನೆಯ ಬಲ್ಬುಗಳು ಕಣ್ಣು ಕೋರೈಸುವಷ್ಟು ಬೆಳಗಿದರೆ ಪಕ್ಕದ ಮನೆಯವು ಮಂಕಾಗುತ್ತವೆ. ಮೂರು ಫೇಸ್ ಇರುವ ಮನೆಯಲ್ಲಾದರೆ ಒಂದು ಕೋಣೆ ಹಾಗೆ, ಇನ್ನೊಂದು ಕೋಣೆ ಹೀಗೆ ಕಾಣಬಹುದು. ಟಿ.ವಿ., ಫ್ರಿಜ್, ಮೊಬೈಲ್ ಚಾರ್ಜರ್‌ಗಳು ಸುಡುವುದಕ್ಕೆ ಕೆಲವೇ ಕ್ಷಣ ಸಾಕು. ದೀಪದ ಬೆಳಕು ಅತಿಯಾಗಿ ಏರಿಳಿಯುತ್ತಿದೆ ಎಂದು ಕಂಡ ಕೂಡಲೇ ಯಾರಿಗೂ ಫೋನ್ ಮಾಡದೆ, ಕಾರಣ ಹುಡುಕದೆ, ಮೊದಲು ಮೇನ್ ಸ್ವಿಚ್ ಆರಿಸಬೇಕು.

ಮೊದಲ ಹೆಜ್ಜೆ: ಆರಿಸುವುದು

ಒಣಗಿದ ಕೈ, ಕಾಲಲ್ಲಿ ಚಪ್ಪಲಿ, ಕೈಯಲ್ಲಿ ಟಾರ್ಚ್. ಇವು ಮೂರೂ ಇದ್ದರೆ ಮಾತ್ರ ಡಿಬಿಯ ಬಳಿ ಹೋಗಬೇಕು. ಮೀಟರ್‌ಬೋರ್ಡ್ ಇರುವ ಜಾಗದಲ್ಲಿ ನೀರು ನಿಂತಿದ್ದರೆ ಹೋಗಲೇಬಾರದು. ಹೊರಗಿನಿಂದ ಲೈನ್ ಕಡಿಸಲು ವಿದ್ಯುತ್ ಕಂಪನಿಗೇ ಹೇಳಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ನೆಲಮಾಳಿಗೆಗೆ ಮಳೆನೀರು ನುಗ್ಗಿದಾಗ ಕಾರು ಉಳಿಸಿಕೊಳ್ಳಲು ಓಡುವವರಿಗೂ ಇದೇ ಮಾತು ಅನ್ವಯಿಸುತ್ತದೆ, ಏಕೆಂದರೆ ಅನೇಕ ಕಟ್ಟಡಗಳಲ್ಲಿ ಮೀಟರ್‌ಗಳೆಲ್ಲ ಅಲ್ಲಿಯೇ ಇರುತ್ತವೆ.

ಮೇನ್ ಆರಿಸಿದರೂ ಮನೆ ಪೂರ್ತಿ ಸತ್ತಿತು ಎಂದು ತಿಳಿಯಬಾರದು. ಯುಪಿಎಸ್ ಇರುವ ಮನೆಯಲ್ಲಿ ಬ್ಯಾಟರಿಯಿಂದ ಅದೇ 230 ವೋಲ್ಟ್ ದೀಪ-ಫ್ಯಾನ್‌ಗಳ ವೈರುಗಳಲ್ಲಿ ಹರಿಯುತ್ತಲೇ ಇರುತ್ತದೆ. ಅದರ ಸ್ವಿಚ್ಚನ್ನೂ ಪ್ರತ್ಯೇಕವಾಗಿ ಆರಿಸಬೇಕು. ಚಾವಣಿಯ ಮೇಲೆ ಸೋಲಾರ್ ಫಲಕಗಳಿದ್ದರೆ, ಬಿಸಿಲಿರುವಷ್ಟು ಹೊತ್ತು ಅವುಗಳಿಂದ ಇನ್ವರ್ಟರ್‌ವರೆಗಿನ ತಂತಿಗಳಲ್ಲಿ ವಿದ್ಯುತ್ ಇದ್ದೇ ಇರುತ್ತದೆ ಎಂಬುದನ್ನು ಮರೆಯಬಾರದು. ಬರುವ ಎಲೆಕ್ಟ್ರಿಷಿಯನ್‌ಗೆ ಇವೆರಡನ್ನೂ ಬಾಗಿಲಲ್ಲಿಯೇ ಹೇಳಬೇಕು. ಮೇನ್ ಬಿದ್ದಿದೆ ಎಂದು ನಂಬಿ ಕೈಹಾಕಿ ಪೆಟ್ಟು ತಿನ್ನುವವರು ಅವರೇ.

ಸಂಪಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಸಂಪಿನಲ್ಲಿ ಮುಳುಗಿರುವ ಮೋಟಾರ್ ಕೆಟ್ಟಿದೆ ಎಂದು ಮೇಲಿನ ಸ್ವಿಚ್ ಒಂದನ್ನು ಆರಿಸಿ ನೀರಿಗೆ ಇಳಿಯುವುದು ಪ್ರಾಣದೊಂದಿಗೆ ಆಡುವ ಆಟ. ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿರುವ ಹಳೆಯ ವೈರಿಂಗ್‌ನಲ್ಲಿ ಸ್ವಿಚ್ ಆರಿಸಿದ ಮೇಲೂ ಮೋಟಾರಿಗೆ ಫೇಸ್ ತಲುಪುತ್ತಲೇ ಇರುತ್ತದೆ. ಪ್ಲಗ್ ಕಿತ್ತು, ಮೇನ್ ಆರಿಸಿ, ಹಗ್ಗದಿಂದ ಮೋಟಾರನ್ನು ಮೇಲಕ್ಕೆತ್ತಿಸಬೇಕೇ ಹೊರತು ಯಾರೂ ಒಳಗೆ ಇಳಿಯಬಾರದು.

ಯಾರಿಗಾದರೂ ಶಾಕ್ ಹೊಡೆದು ತಂತಿಗೆ ಅಂಟಿಕೊಂಡಿದ್ದರೆ ಅವರನ್ನು ಕೈಯಿಂದ ಎಳೆಯಬಾರದು. ಮೇನ್ ಆರಿಸುವುದೇ ಮೊದಲ ಉಪಾಯ. ಅದು ಕೈಗೆ ಎಟುಕದಿದ್ದರೆ ಒಣಗಿದ ಮರದ ಕೋಲಿನಿಂದಲೋ ಪ್ಲಾಸ್ಟಿಕ್ ಕುರ್ಚಿಯಿಂದಲೋ ತಂತಿಯನ್ನು ದೂರ ತಳ್ಳಬೇಕು. ಉಸಿರಾಟ ನಿಂತಿದ್ದರೆ 108ಕ್ಕೆ ಫೋನ್ ಮಾಡಿಸಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ, ಸುಮಾರು 5 ಸೆಂಟಿಮೀಟರ್ ಒಳಗೆ ಹೋಗುವಂತೆ ಒತ್ತುತ್ತಿರಬೇಕು. ಎದ್ದು ಕುಳಿತು ‘ಏನೂ ಆಗಿಲ್ಲ’ ಎನ್ನುವವರನ್ನೂ ಆಸ್ಪತ್ರೆಗೆ ಕರೆದೊಯ್ದು ಇಸಿಜಿ ಮಾಡಿಸಬೇಕು, ಏಕೆಂದರೆ ಕರೆಂಟ್ ದೇಹದ ಮೂಲಕ ಹಾದಾಗ ಹೃದಯದ ಬಡಿತದ ಲಯ ಕೆಡಬಹುದು. ಬೆಂಕಿ ಹತ್ತಿದ್ದರೆ ಎಲ್ಲರನ್ನೂ ಹೊರಗೆ ಕಳುಹಿಸಿ 112ಕ್ಕೆ ಅಥವಾ 101ಕ್ಕೆ ಕರೆ ಮಾಡಬೇಕು. ಕರೆಂಟ್ ಇರುವ ಬೋರ್ಡಿಗೆ ನೀರು ಎರಚಬಾರದು.

ದೋಷ ಕಂಬದ್ದೋ ಮನೆಯದ್ದೋ

ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡುವ ಮೊದಲು ಕಿಟಕಿಯಿಂದ ಹೊರಗೆ ನೋಡಬೇಕು. ಬೀದಿಗೆ ಬೀದಿಯೇ ಕತ್ತಲಾಗಿದ್ದರೆ ಅದು ವಿದ್ಯುತ್ ಕಂಪನಿಯ ಕೆಲಸ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಮತ್ತು ಮೈಸೂರು ಭಾಗದ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಈ ಐದಕ್ಕೂ ಸಹಾಯವಾಣಿ 1912. ಕರೆ ಮಾಡುವಾಗ ಬಿಲ್ಲಿನ ಮೇಲಿರುವ ಆರ್‌ಆರ್ ಸಂಖ್ಯೆ ಅಥವಾ ಖಾತೆ ಸಂಖ್ಯೆ ಕೈಯಲ್ಲಿರಬೇಕು. ದೂರು ದಾಖಲಾದ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಬೇಕು, ಏಕೆಂದರೆ ಎರಡನೆಯ ಬಾರಿ ಕರೆ ಮಾಡಿದಾಗ ಅದೇ ಆಧಾರ. ಮಲೆನಾಡಿನಲ್ಲೂ ಕರಾವಳಿಯಲ್ಲೂ ಮರ ಬಿದ್ದು ಸಾಲು ಕಂಬಗಳೇ ಮುರಿಯುವ ದಿನಗಳಲ್ಲಿ ಲೈನ್‌ಮನ್‌ಗಳು ಹಗಲು-ರಾತ್ರಿ ಮಳೆಯಲ್ಲೇ ದುಡಿಯುತ್ತಿರುತ್ತಾರೆ. ಅಂಥ ಸಮಯದಲ್ಲಿ ಖಾಸಗಿ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಕಂಬ ಹತ್ತಿಸುವುದು ಕಾನೂನಿಗೂ ವಿರುದ್ಧ, ಪ್ರಾಣಕ್ಕೂ ಕುತ್ತು.

ನೆಲಕ್ಕೆ ಬಿದ್ದ ತಂತಿಯನ್ನು ಕಂಡರೆ ಅದರಲ್ಲಿ ಕರೆಂಟ್ ಇದೆ ಎಂದೇ ಭಾವಿಸಿ, ಹತ್ತು ಮೀಟರಾದರೂ ದೂರ ನಿಂತು, ಇತರರನ್ನೂ ತಡೆದು, 1912ಕ್ಕೆ ತಿಳಿಸಬೇಕು. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್ ಬಳಿ ಪಾದಚಾರಿ ಮಾರ್ಗದ ಮೇಲೆ ಬಿದ್ದಿದ್ದ ತಂತಿಯನ್ನು ಬೆಳಗಿನ ಕತ್ತಲಲ್ಲಿ ತುಳಿದು ಒಬ್ಬ ತಾಯಿಯೂ ಅವಳ ಕೂಸೂ ಸತ್ತುಹೋದುದನ್ನು ನಮ್ಮಲ್ಲಿ ಅನೇಕರು ಮರೆತಿರಲಾರರು.

ಬೀದಿಯಲ್ಲಿ ಕರೆಂಟ್ ಇದ್ದು ನಿಮ್ಮ ಮನೆಯಲ್ಲಿ ಮಾತ್ರ ಇಲ್ಲದಿದ್ದರೆ ಮೀಟರ್ ನೋಡಬೇಕು. ಮೀಟರ್‌ನ ಪರದೆ ಪೂರ್ತಿ ಆರಿದ್ದರೆ, ಕಂಬದಿಂದ ಮೀಟರ್‌ವರೆಗೆ ಬರುವ ಸರ್ವಿಸ್ ವೈರ್‌ನಲ್ಲಿ ತೊಂದರೆಯಿರುವ ಸಾಧ್ಯತೆ ಹೆಚ್ಚು, ಅದಕ್ಕೂ 1912. ಮೀಟರ್ ಬೆಳಗುತ್ತಿದ್ದು ಮನೆಯೊಳಗೆ ಕತ್ತಲಿದ್ದರೆ ದೋಷ ಸಾಮಾನ್ಯವಾಗಿ ಮೀಟರ್‌ನಿಂದ ಈಚೆಗಿರುತ್ತದೆ, ಅದು ನಿಮ್ಮ ಎಲೆಕ್ಟ್ರಿಷಿಯನ್‌ನ ಕೆಲಸ. ಮೀಟರ್‌ನ ಸೀಲನ್ನು ಅವರು ಮುಟ್ಟಲು ಬಿಡಬಾರದು. ಮೀಟರ್‌ಗೆ ಅನಧಿಕೃತವಾಗಿ ಕೈಹಾಕುವುದು 2003ರ ವಿದ್ಯುಚ್ಛಕ್ತಿ ಅಧಿನಿಯಮದ 138ನೇ ಕಲಮಿನಡಿ ಅಪರಾಧ. ಮುರಿದ ಸೀಲಿಗೆ ಉತ್ತರ ಹೇಳಬೇಕಾದವರು ಮನೆಯವರೇ ಹೊರತು ಬಂದುಹೋದವರಲ್ಲ.

ಕಾಯುವ ಹೊತ್ತಿನಲ್ಲಿ ನೀವೇ ನೋಡಬಹುದಾದದ್ದು

ಸ್ಕ್ರೂಡ್ರೈವರ್ ಮುಟ್ಟದೆ, ಸ್ವಿಚ್‌ಗಳನ್ನಷ್ಟೇ ಬಳಸಿ ಮಾಡಬಹುದಾದ ಒಂದು ಪರೀಕ್ಷೆಯಿದೆ. ಸುಟ್ಟ ವಾಸನೆ, ಕಿಡಿ, ನೀರು ಇದ್ದಲ್ಲಿ ಇದನ್ನು ಮಾಡಲೇಬಾರದು. ಅವು ಇಲ್ಲದಿದ್ದರೆ, ಇದರಿಂದ ಸಿಗುವ ಮಾಹಿತಿ ಎಲೆಕ್ಟ್ರಿಷಿಯನ್‌ನ ಅರ್ಧ ಗಂಟೆಯನ್ನು ಉಳಿಸುತ್ತದೆ.

ಕೆಳಗೆ ಬಿದ್ದಿರುವುದು ಯಾವುದು ಎಂದು ಮೊದಲು ನೋಡಬೇಕು. ಒಂದೊಂದು ಸಾಲಿಗೆ ಒಂದರಂತೆ ಡಿಬಿಯಲ್ಲಿರುವ ಚಿಕ್ಕ ಸ್ವಿಚ್, ಅಂದರೆ ಎಂಸಿಬಿ, ಬೀಳುವುದು ಎರಡು ಕಾರಣಕ್ಕೆ: ಎತ್ತಿದ ಕ್ಷಣದಲ್ಲೇ ಟಪ್ಪೆಂದು ಬಿದ್ದರೆ ಬಹುತೇಕ ಶಾರ್ಟ್ ಆಗಿದೆ, ಹಲವು ನಿಮಿಷ ನಿಂತು ಬಿದ್ದರೆ ಹೊರೆ ಹೆಚ್ಚಾಗಿದೆ. 3000 ವಾಟ್‌ನ ಗೀಸರ್ ಒಂದೇ ಸುಮಾರು 13 ಆಂಪಿಯರ್ ಎಳೆಯುತ್ತದೆ. ಅದೇ ವೈರಿನ ಮೇಲೆ ಇಸ್ತ್ರಿಪೆಟ್ಟಿಗೆಯನ್ನೂ ಹಾಕಿದರೆ 16 ಆಂಪಿಯರ್‌ನ ಎಂಸಿಬಿ ಸ್ವಲ್ಪ ಹೊತ್ತಿನಲ್ಲಿ ಬೀಳುವುದು ನ್ಯಾಯವೇ. ಇಎಲ್‌ಸಿಬಿ ಬೀಳುವ ಕಾರಣ ಬೇರೆ. ಈಗ ಮನೆಗಳಲ್ಲಿ ಹಾಕುವುದು ಆರ್‌ಸಿಸಿಬಿಯಾದರೂ ಬಾಯಿಮಾತಿನಲ್ಲಿ ಅದನ್ನೂ ಇಎಲ್‌ಸಿಬಿ ಎಂದೇ ಕರೆಯುತ್ತೇವೆ. ಅದು ಫೇಸ್‌ನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಅಷ್ಟೇ ಮರಳಿತೇ ಎಂದು ಸದಾ ತೂಗಿ ನೋಡುತ್ತಿರುತ್ತದೆ; 30 ಮಿಲಿಆಂಪಿಯರ್‌ನಷ್ಟು ಎಲ್ಲಿಯಾದರೂ ಬೇರೆ ದಾರಿಯಲ್ಲಿ ನೆಲಕ್ಕೆ ಸೋರಿದರೆ ಕಡಿದುಬಿಡುತ್ತದೆ. ಆ ಬೇರೆ ದಾರಿ ಒಬ್ಬ ಮನುಷ್ಯನ ಮೈಯೂ ಆಗಿರಬಹುದು ಎಂಬ ಕಾರಣಕ್ಕೇ ಆ ಮಿತಿಯನ್ನು ಅಷ್ಟು ಸಣ್ಣದಾಗಿ ಇಟ್ಟಿದ್ದಾರೆ.

ಇಎಲ್‌ಸಿಬಿ ಬೀಳುತ್ತಿದ್ದರೆ ಎಲ್ಲ ಎಂಸಿಬಿಗಳನ್ನೂ ಕೆಳಗಿಳಿಸಿ, ಇಎಲ್‌ಸಿಬಿಯನ್ನು ಮೇಲೆತ್ತಿ, ಆಮೇಲೆ ಎಂಸಿಬಿಗಳನ್ನು ಒಂದೊಂದಾಗಿ ಏರಿಸುತ್ತ ಬರಬೇಕು. ಯಾವುದನ್ನು ಏರಿಸಿದಾಗ ಇಎಲ್‌ಸಿಬಿ ಬಿತ್ತೋ ದೋಷ ಆ ಸಾಲಿನಲ್ಲಿದೆ. ಅದೊಂದನ್ನು ಕೆಳಗೇ ಬಿಟ್ಟು ಉಳಿದವನ್ನು ಬಳಸಬಹುದು. ಆ ಸಾಲಿಗೆ ಸೇರಿದ ಪ್ಲಗ್‌ಗಳನ್ನೆಲ್ಲ ಕಿತ್ತು ಮತ್ತೊಮ್ಮೆ ಏರಿಸಿದಾಗ ನಿಂತರೆ ತಪ್ಪು ವೈರಿಂಗ್‌ನದ್ದಲ್ಲ, ಯಾವುದೋ ಉಪಕರಣದ್ದು. ಗೀಸರ್, ಮೋಟಾರ್, ವಾಷಿಂಗ್ ಮಷೀನ್, ಹಳೆಯ ಇಸ್ತ್ರಿಪೆಟ್ಟಿಗೆ ಇವುಗಳ ಮೇಲೆ ಮೊದಲ ಅನುಮಾನ ಇರಲಿ. ಎಲ್ಲ ಎಂಸಿಬಿಗಳೂ ಕೆಳಗಿದ್ದಾಗಲೇ ಇಎಲ್‌ಸಿಬಿ ನಿಲ್ಲದಿದ್ದರೆ ‘ಇಎಲ್‌ಸಿಬಿಯೇ ಹಾಳು’ ಎಂದು ತೀರ್ಮಾನಿಸುವುದು ಸುಲಭ. ಆದರೆ ಬಹಳ ಮನೆಗಳಲ್ಲಿರುವ ಸಿಂಗಲ್ ಪೋಲ್ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಹಾಗೆಯೇ ಸೇರಿಕೊಂಡಿರುತ್ತದೆ, ಮತ್ತು ಎಲ್ಲಿಯೋ ನ್ಯೂಟ್ರಲ್ ವೈರ್ ಅರ್ತಿಂಗ್‌ಗೆ ಅಥವಾ ಒದ್ದೆ ಗೋಡೆಗೆ ತಾಗಿದ್ದರೂ ಇಎಲ್‌ಸಿಬಿ ಬೀಳಬಹುದು. ಯುಪಿಎಸ್ ಹಾಕಿಸಿದ ಮರುದಿನದಿಂದ ಈ ಕಾಟ ಶುರುವಾಗಿದ್ದರೆ, ಯುಪಿಎಸ್ ಸಾಲಿನ ನ್ಯೂಟ್ರಲ್ ಅನ್ನು ಇಎಲ್‌ಸಿಬಿಯ ತಪ್ಪು ಬದಿಗೆ ಕೊಟ್ಟಿರಬಹುದು.

ಯಾರನ್ನು ಕರೆಯಬೇಕು, ಫೋನಿನಲ್ಲಿ ಏನು ಕೇಳಬೇಕು

ಕತ್ತಲಲ್ಲಿ ಕುಳಿತು ಮೊಬೈಲಿನಲ್ಲಿ ‘ಹತ್ತಿರದ ಎಲೆಕ್ಟ್ರಿಷಿಯನ್’ ಎಂದು ಹುಡುಕುವ ಸ್ಥಿತಿಗೆ ಬರದಿರುವುದೇ ಉತ್ತಮ. ನಿಮ್ಮ ಮನೆಗೆ ವೈರಿಂಗ್ ಮಾಡಿದವರು, ಪಕ್ಕದ ಬೀದಿಯ ಎಲೆಕ್ಟ್ರಿಕಲ್ ಅಂಗಡಿಯವರು ಹೇಳುವ ವೈರ್‌ಮನ್, ಅಪಾರ್ಟ್‌ಮೆಂಟ್ ಆದರೆ ಸಂಘದವರು ಖಾಯಂ ಕರೆಸುವವರು, ಇವರಲ್ಲಿ ಇಬ್ಬರ ನಂಬರ್ ಮೊದಲೇ ಇರಬೇಕು. ಒಬ್ಬರದ್ದೇ ಸಾಲದು, ಹಬ್ಬದ ದಿನ ಅವರು ಊರಿಗೆ ಹೋಗಿರುತ್ತಾರೆ. ಎಲೆಕ್ಟ್ರಿಕಲ್ ಅಂಗಡಿಯವರ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಯಾರು ಅಳತೆಗೆ ತಕ್ಕ ವೈರ್ ಕೊಳ್ಳುತ್ತಾರೆ, ಯಾರು ಅಗ್ಗದ ಸಾಮಾನನ್ನೇ ಕೇಳುತ್ತಾರೆ ಎಂಬುದು ಅವರಿಗೆ ಪ್ರತಿದಿನ ಕಾಣುತ್ತಿರುತ್ತದೆ.

ಕರ್ನಾಟಕದಲ್ಲಿ ವೈರ್‌ಮನ್ ಪರ್ಮಿಟ್, ಸೂಪರ್‌ವೈಸರ್ ಪರ್ಮಿಟ್ ಮತ್ತು ಕಂಟ್ರಾಕ್ಟರ್ ಲೈಸೆನ್ಸ್‌ಗಳು ರಾಜ್ಯ ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯದ ಕಡೆಯಿಂದ ಸಿಗುತ್ತವೆ. ಕೈಕೆಲಸದಲ್ಲಿ ಪಳಗಿದ ಅನೇಕರ ಬಳಿ ಪರ್ಮಿಟ್ ಇರುವುದಿಲ್ಲ, ಪರ್ಮಿಟ್ ಇರುವವರೆಲ್ಲ ನಿಪುಣರಾಗಿರಬೇಕೆಂದೂ ಇಲ್ಲ. ಆದರೂ ‘ಅಣ್ಣ, ನಿಮ್ಮ ಹತ್ತಿರ ಪರ್ಮಿಟ್ ಇದೆಯೇ?’ ಎಂದು ಕೇಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ. ಮೇನ್ ಬದಲಾಯಿಸುವುದು, ಹೊಸ ಸಾಲು ಎಳೆಯುವುದು, ಲೋಡ್ ಹೆಚ್ಚಿಸುವುದು ಇಂಥ ಕೆಲಸಗಳಿಗೆ ಪರವಾನಗಿ ಇರುವ ಕಂಟ್ರಾಕ್ಟರ್ ಮೂಲಕವೇ ಹೋಗಬೇಕು.

ಫೋನಿನಲ್ಲಿ ‘ಕರೆಂಟ್ ಹೋಗಿದೆ, ಬೇಗ ಬನ್ನಿ’ ಎಂದಷ್ಟೇ ಹೇಳಿದರೆ ಅವರು ಒಂದು ಟೆಸ್ಟರ್ ಹಿಡಿದು ಬರುತ್ತಾರೆ. ಇಡೀ ಮನೆಗೆ ಹೋಗಿದೆಯೋ ಒಂದು ಭಾಗಕ್ಕೋ, ಬಿದ್ದಿರುವುದು ಎಂಸಿಬಿಯೋ ಇಎಲ್‌ಸಿಬಿಯೋ, ಸಿಂಗಲ್ ಫೇಸೋ ಮೂರು ಫೇಸೋ, ಯುಪಿಎಸ್ ಇದೆಯೇ, ವೈರಿಂಗ್ ಎಷ್ಟು ಹಳೆಯದು, ಮತ್ತು ಬಹು ಮುಖ್ಯವಾಗಿ ತೊಂದರೆ ಶುರುವಾಗುವ ಮುಂಚೆ ಯಾವ ಸ್ವಿಚ್ ಹಾಕಿದಿರಿ ಎಂಬುದನ್ನು ಹೇಳಬೇಕು. ಡಿಬಿಯ ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದರೆ ತಕ್ಕ ಸಾಮಾನನ್ನು ಜೊತೆಗೆ ತರಬಲ್ಲರು. ಆಮೇಲೆ ನೀವು ಕೇಳಬೇಕಾದದ್ದು: ಬಂದು ನೋಡುವುದಕ್ಕೆ ಎಷ್ಟು, ರಾತ್ರಿಗೆ ಹೆಚ್ಚಿನ ದರವಿದೆಯೇ, ದೋಷ ಸಿಗದಿದ್ದರೆ ಎಷ್ಟು ಕೊಡಬೇಕು, ಮಲ್ಟಿಮೀಟರ್ ತರುತ್ತೀರಾ. ಕೊನೆಯ ಪ್ರಶ್ನೆಗೆ ಬರುವ ಉತ್ತರದಿಂದ ಬಹಳ ತಿಳಿಯುತ್ತದೆ. ಸ್ಕ್ರೂಡ್ರೈವರಿನಂಥ ಟೆಸ್ಟರ್ ಒಂದರಿಂದ ನ್ಯೂಟ್ರಲ್‌ನ ದೋಷವನ್ನಾಗಲಿ ವೋಲ್ಟೇಜಿನ ಏರಿಳಿತವನ್ನಾಗಲಿ ನಿಖರವಾಗಿ ತಿಳಿಯಲಾಗದು.

ಅಂತರ್ಜಾಲದಲ್ಲಿ ಸಿಕ್ಕ ನಂಬರಿಗೆ ಕರೆ ಮಾಡುವಾಗ, ಬರುವ ಮೊದಲೇ ಮುಂಗಡ ಕಳುಹಿಸಿ ಎನ್ನುವವರನ್ನೂ, ಯಾವುದೋ ಆ್ಯಪ್ ಹಾಕಿಕೊಳ್ಳಿ, ಒಟಿಪಿ ಹೇಳಿ ಎನ್ನುವವರನ್ನೂ ಕೂಡಲೇ ಬಿಟ್ಟುಬಿಡಬೇಕು. ‘ಇಂದು ರಾತ್ರಿ ನಿಮ್ಮ ಕರೆಂಟ್ ಕಡಿಯಲಾಗುವುದು, ಈ ಅಧಿಕಾರಿಗೆ ಕರೆ ಮಾಡಿ’ ಎಂದು ಬರುವ ಸಂದೇಶವೂ ಅದೇ ಜಾತಿಯ ಮೋಸ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ದೂರು ಕೊಡಬೇಕು.

ಬಂದವರು ಕೆಲಸ ಮಾಡುವಾಗ

ಮನೆಯ ಹಿರಿಯರೊಬ್ಬರು ಟಾರ್ಚ್ ಹಿಡಿದು ಪಕ್ಕದಲ್ಲಿ ನಿಂತಿರಬೇಕು. ಇದರಲ್ಲಿ ಅನುಮಾನದ ಮಾತಿಲ್ಲ. ಮೇನ್ ಆರಿಸಿ ಕೆಲಸ ಮಾಡುತ್ತಿರುವಾಗ ಮನೆಯ ಇನ್ನಾರೋ ಗೊತ್ತಿಲ್ಲದೆ ಅದನ್ನು ಎತ್ತಿಬಿಡದಂತೆ ಕಾಯುವವರೊಬ್ಬರು ಬೇಕು. ಕರೆಂಟ್ ಇರುವಾಗಲೇ ಬರಿಗೈಯಲ್ಲಿ ಜಾಯಿಂಟ್ ಹಾಕಲು ಹೊರಟವರನ್ನು ನಿಲ್ಲಿಸಬೇಕು. ಮಳೆಯಲ್ಲಿ ನೆನೆದು ಬಂದಿದ್ದರೆ ಕೈ ಒರೆಸಿಕೊಳ್ಳಲು ಒಣ ಟವೆಲ್ಲು, ಕಾಲಿಗೆ ಒಣ ಚಪ್ಪಲಿ ಕೊಡಬೇಕು. ನಮ್ಮ ಮನೆಯ ಕತ್ತಲು ಹೋಗಿಸಲು ಬಂದವರು ಅವರ ಮನೆಗೆ ಕ್ಷೇಮವಾಗಿ ಮರಳುವಂತೆ ನೋಡಿಕೊಳ್ಳುವುದು ನಮ್ಮ ಹೊಣೆಯೂ ಹೌದು.

ತಾತ್ಕಾಲಿಕ ಪರಿಹಾರವೆಲ್ಲ ಕೆಟ್ಟದ್ದಲ್ಲ, ಯಾವುದು ಸರಿ, ಯಾವುದು ಸಲ್ಲದು ಎಂಬುದು ಗೊತ್ತಿರಬೇಕು. ದೋಷವಿರುವ ಸಾಲನ್ನು ಬೇರ್ಪಡಿಸಿ ಟೇಪ್ ಸುತ್ತಿ, ಉಳಿದ ಮನೆಗೆ ಕರೆಂಟ್ ಕೊಟ್ಟು, ‘ಬೆಳಿಗ್ಗೆ ಬಂದು ಸರಿಮಾಡುತ್ತೇನೆ’ ಎಂದರೆ ಅದು ಒಳ್ಳೆಯ ಎಲೆಕ್ಟ್ರಿಷಿಯನ್‌ನ ಲಕ್ಷಣ. ಇಎಲ್‌ಸಿಬಿಯನ್ನು ಬಿಟ್ಟು ಡೈರೆಕ್ಟ್ ಕೊಡುವುದು ಯಾವ ಕಾರಣಕ್ಕೂ ಒಪ್ಪತಕ್ಕದ್ದಲ್ಲ. ಪದೇಪದೇ ಬೀಳುವ 16 ಆಂಪಿಯರ್ ಎಂಸಿಬಿಯನ್ನು ತೆಗೆದು 32ರದ್ದನ್ನು ಹಾಕುವುದು ಅಷ್ಟೇ ಅಪಾಯ. ಪವರ್ ಪ್ಲಗ್‌ಗಳಿಗೆ ಸಾಮಾನ್ಯವಾಗಿ ಎಳೆಯುವ 2.5 ಚದರ ಮಿಲಿಮೀಟರ್ ವೈರ್ ಅಷ್ಟು ಕರೆಂಟನ್ನು ಬಹಳ ಹೊತ್ತು ತಾಳಲಾರದು. ಎಂಸಿಬಿ ಬೀಳುವುದಿಲ್ಲ, ಗೋಡೆಯೊಳಗಿನ ವೈರ್ ಸುಡುತ್ತದೆ. ಹಳೆಯ ಫ್ಯೂಸ್ ಕಟೌಟ್ ಇರುವ ಮನೆಗಳಲ್ಲಿ ಫ್ಯೂಸ್ ತಂತಿಯ ಬದಲಿಗೆ ದಪ್ಪ ತಾಮ್ರದ ಎಳೆಗಳನ್ನು ತಿರುಚಿ ಹಾಕುವ ಅಭ್ಯಾಸವೂ ಇದೇ ಬಗೆಯದ್ದು. ಅರ್ತಿಂಗ್ ಇಲ್ಲದ ಕಡೆ ನ್ಯೂಟ್ರಲ್‌ನಿಂದಲೇ ಒಂದು ತುಂಡು ವೈರ್ ಎಳೆದು ಪ್ಲಗ್‌ನ ಅರ್ತ್ ಪಿನ್ನಿಗೆ ಕೊಡುವವರಿದ್ದಾರೆ. ನ್ಯೂಟ್ರಲ್ ಕಡಿದ ದಿನ ಫ್ರಿಜ್ಜಿನ ಮೈಗೆಲ್ಲ ಫೇಸ್ ಬರುತ್ತದೆ. ಈ ನಾಲ್ಕರಲ್ಲಿ ಯಾವುದನ್ನಾದರೂ ಸೂಚಿಸಿದರೆ ‘ಬೇಡ, ಈ ರಾತ್ರಿ ಆ ಸಾಲು ಆರಿಯೇ ಇರಲಿ’ ಎಂದು ಹೇಳಿ. ಒಂದು ರಾತ್ರಿ ಬಿಸಿನೀರಿಲ್ಲದೆ, ಫ್ಯಾನ್ ಇಲ್ಲದೆ ಕಳೆಯಬಹುದು.

ದೋಷ ಸಿಕ್ಕಿತು ಎಂದರೆ ಅದನ್ನು ತೋರಿಸಲು ಹೇಳಬೇಕು. ಸುಟ್ಟ ವೈರ್, ಕರಗಿದ ಟರ್ಮಿನಲ್, ನೀರು ಕುಡಿದ ಜಾಯಿಂಟ್, ಇವು ಕಣ್ಣಿಗೆ ಕಾಣುವಂಥವು. ತೆಗೆದ ಹಳೆಯ ಭಾಗವನ್ನು ಮನೆಯಲ್ಲೇ ಬಿಟ್ಟುಹೋಗಲು ಹೇಳಬೇಕು. ಹೊಸದಾಗಿ ಹಾಕಿದ ಸಾಮಾನಿನ ಮೇಲೆ ಐಎಸ್‌ಐ ಗುರುತು ಇದೆಯೇ ನೋಡಬೇಕು. ಜಾಯಿಂಟನ್ನು ಬರಿದೆ ತಿರುಚಿ ಟೇಪ್ ಸುತ್ತದೆ ಕನೆಕ್ಟರ್ ಹಾಕಿಸಬೇಕು. ನಮ್ಮ ಮನೆಗಳಲ್ಲಿ ಬೋರ್ಡುಗಳು ಸುಡುವುದು ಬಹುಮಟ್ಟಿಗೆ ಸಡಿಲವಾದ ಸ್ಕ್ರೂ ಮತ್ತು ಸಡಿಲವಾದ ಜಾಯಿಂಟಿನಿಂದ.

ಹಣ ಕೊಡುವ ಮೊದಲು ಎರಡು ಪರೀಕ್ಷೆಗಳನ್ನು ಅವರ ಎದುರಿನಲ್ಲೇ ಮಾಡಿಸಬೇಕು. ಇಎಲ್‌ಸಿಬಿಯ ಮೇಲಿರುವ ‘ಟಿ’ ಗುಂಡಿಯನ್ನು ಒತ್ತಬೇಕು. ಅದು ಥಟ್ಟನೆ ಬಿದ್ದು ಕರೆಂಟ್ ಹೋಗಬೇಕು. ಗುಂಡಿ ಒತ್ತಿದರೂ ಬೀಳದಿದ್ದರೆ ಅದು ನಿಜಕ್ಕೂ ಹಾಳಾಗಿದೆ, ಅಥವಾ ಅದನ್ನು ಬಿಟ್ಟು ವೈರ್ ಕೊಟ್ಟಿದ್ದಾರೆ. ಬಿದ್ದರೂ ಮನೆಯ ಯಾವುದಾದರೂ ದೀಪ ಉರಿಯುತ್ತಲೇ ಇದ್ದರೆ ಆ ಸಾಲು ಯುಪಿಎಸ್‌ನದ್ದೋ, ಇಎಲ್‌ಸಿಬಿಯ ಹೊರಗಿನಿಂದ ಕೊಟ್ಟದ್ದೋ ಎಂದು ಕೇಳಿ ತಿಳಿಯಬೇಕು. ಎರಡನೆಯದು, ದುರಸ್ತಿಯಾದ ಸಾಲಿನ ಪ್ಲಗ್‌ನಲ್ಲಿ ಮಲ್ಟಿಮೀಟರ್ ಇಟ್ಟು ಫೇಸ್–ನ್ಯೂಟ್ರಲ್ ನಡುವೆ ಮತ್ತು ಫೇಸ್–ಅರ್ತ್ ನಡುವೆ ಎಷ್ಟು ವೋಲ್ಟ್ ಇದೆ ಎಂದು ತೋರಿಸಲು ಹೇಳಬೇಕು. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಫೇಸ್–ಅರ್ತ್ ನಡುವೆ ಬಹಳ ಕಡಿಮೆ ತೋರಿಸಿದರೆ ಅರ್ತಿಂಗ್ ಕೈಕೊಟ್ಟಿದೆ. ಸಮನಾಗಿ ತೋರಿಸಿದ ಮಾತ್ರಕ್ಕೆ ಅರ್ತಿಂಗ್ ಗಟ್ಟಿಯಾಗಿದೆ ಎಂದು ಪೂರ್ತಿ ಹೇಳಲಾಗದು, ಅದನ್ನು ಹಗಲಿನಲ್ಲಿ ಬೇರೆಯಾಗಿ ಪರೀಕ್ಷಿಸಬೇಕು.

ಹಣದ ವಿಷಯದಲ್ಲಿ ಬಹಳ ಚೌಕಾಸಿ ಮಾಡುವುದು ನನಗೆ ಸರಿಕಾಣದು. ಮಳೆಯ ರಾತ್ರಿ ಬೈಕಿನಲ್ಲಿ ಬಂದವರಿಗೆ ಒಪ್ಪಿಕೊಂಡಷ್ಟನ್ನು ಸಂತೋಷದಿಂದ ಕೊಡಬೇಕು. ಸಾಮಾನಿನ ಹಣವನ್ನು ಕೂಲಿಯಿಂದ ಬೇರೆಯಾಗಿ ಬರೆಸಿಕೊಂಡು, ಸಾಮಾನಿನ ಅಂಗಡಿ ಬಿಲ್ ಕೇಳಿ ಪಡೆದರೆ ಸಾಕು.

ಮರುದಿನದ ಕೆಲಸ

ರಾತ್ರಿಯ ದುರಸ್ತಿ ಮುಗಿದ ಮೇಲೆ, ಕರೆಂಟ್ ಇದೆಯಲ್ಲ ಎಂದು ಸುಮ್ಮನಾಗುವ ಅಭ್ಯಾಸದಿಂದಲೇ ನಮ್ಮ ಮನೆಯಲ್ಲಿ ಎರಡು ವಾರ ಕಳೆದುಹೋಗಿತ್ತು. ಆದ್ದರಿಂದ ಹಗಲು ಮತ್ತೆ ಬರುವ ಗಂಟೆಯನ್ನು ಅವರು ಬಾಗಿಲು ದಾಟುವ ಮೊದಲೇ ನಿಶ್ಚಯಿಸಿಕೊಳ್ಳಬೇಕು. ಹಳೆಯ ವೈರಿಂಗ್ ಇರುವ ಮನೆಯಾದರೆ 500 ವೋಲ್ಟ್‌ನ ಮೆಗ್ಗರ್ ಎಂಬ ಅಳತೆಯ ಉಪಕರಣದಿಂದ ಒಂದೊಂದು ಸಾಲಿನ ಇನ್ಸುಲೇಷನ್, ಅಂದರೆ ವೈರಿನ ಹೊದಿಕೆ, ಗಟ್ಟಿಯಾಗಿದೆಯೇ ಎಂಬ ಪರೀಕ್ಷೆ ಮಾಡಿಸಬೇಕು. ಅದಕ್ಕೆ ಮೊದಲು ಟಿ.ವಿ., ಕಂಪ್ಯೂಟರ್, ಎಲ್‌ಇಡಿ ದೀಪಗಳನ್ನೆಲ್ಲ ಬಿಡಿಸಿಡಬೇಕು, ಇಲ್ಲದಿದ್ದರೆ ಆ ವೋಲ್ಟೇಜಿಗೆ ಅವು ಹಾಳಾಗಬಹುದು. ಒಂದು ಮೆಗಾಓಮ್‌ಗಿಂತ ಕಡಿಮೆ ಬಂದ ಸಾಲಿನಲ್ಲಿ ವೈರ್ ಬದಲಿಸುವ ಮಾತನ್ನು ಮುಂದೂಡಬಾರದು.

ಅರ್ತಿಂಗ್ ಗುಂಡಿಯನ್ನು ಮುಚ್ಚಳ ತೆಗೆದು ನೋಡುವವರು ಬಹಳ ಕಡಿಮೆ. ಪೈಪ್ ಅರ್ತಿಂಗ್‌ನಲ್ಲಿ ಎರಡೂವರೆ ಮೀಟರ್‌ಗೆ ಕಡಿಮೆಯಿಲ್ಲದ ಜಿಐ ಪೈಪನ್ನು ನೆಲಕ್ಕಿಳಿಸಿ ಸುತ್ತ ಇದ್ದಿಲು-ಉಪ್ಪು ತುಂಬಿರುತ್ತಾರೆ. ಆ ಉಪ್ಪೇ ವರ್ಷಗಳು ಕಳೆದಂತೆ ಕ್ಲ್ಯಾಂಪು, ವೈರುಗಳನ್ನು ತಿನ್ನುತ್ತದೆ. ಅಂಗಳಕ್ಕೆ ಟೈಲ್ಸ್ ಹಾಕಿಸಿದಾಗ ಗುಂಡಿಯೇ ಮುಚ್ಚಿಹೋದ ಮನೆಗಳೂ ಇವೆ. ಬಾಡಿಗೆಮನೆಯಲ್ಲಿರುವವರು ಇಂಥ ಕೆಲಸವನ್ನು ಮನೆ ಮಾಲೀಕರಿಗೆ ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗದೆ, ಎಲೆಕ್ಟ್ರಿಷಿಯನ್ ಬರೆದುಕೊಟ್ಟ ಚೀಟಿಯ ಫೋಟೊ ಸಹಿತ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಬೇಕು. ಖರ್ಚು ಯಾರದು ಎಂಬ ಮಾತು ಬಂದಾಗ ಅದು ನೆರವಾಗುತ್ತದೆ.

ಕೊನೆಗೆ ಉಳಿಯುವುದು ಒಂದು ಹಾಳೆಯ ಕೆಲಸ. ಯಾವ ಎಂಸಿಬಿ ಯಾವ ಕೋಣೆಗೆ, ಯಾವ ಸಾಲು ಯುಪಿಎಸ್‌ನದ್ದು, ಯಾವ ದಿನ ಯಾವ ಭಾಗ ಬದಲಾಯಿತು, ಇಬ್ಬರು ಎಲೆಕ್ಟ್ರಿಷಿಯನ್‌ಗಳ ನಂಬರ್, ಆರ್‌ಆರ್ ಸಂಖ್ಯೆ, 1912. ಇಷ್ಟನ್ನೂ ದಪ್ಪ ಅಕ್ಷರದಲ್ಲಿ ಬರೆದು ಡಿಬಿಯ ಬಾಗಿಲ ಒಳಗೆ ಅಂಟಿಸಬೇಕು. ಮೈಸೂರಿನ ಮನೆಯಲ್ಲಿ ಅದನ್ನು ಬರೆದವರು ಅಮ್ಮ. ಪ್ರತಿ ತಿಂಗಳ ಮೊದಲ ದಿನ ‘ಟಿ’ ಗುಂಡಿ ಒತ್ತಿ ನೋಡಿ ಆ ಹಾಳೆಯ ಕೆಳಗೆ ಪೆನ್ಸಿಲ್‌ನಿಂದ ಒಂದು ಗೀಟು ಎಳೆಯುವವರೂ ಅವರೇ.